ನಿಲ್ಲಲು ಪುರುಸೊತ್ತಿಲ್ಲ

ವಾರದಲ್ಲಿ ಐದು ದಿನ ನಾನು ಜನರಿಗೆ ಹೇಳುವುದು ಎರಡೇ ಮಾತು:
ಉಸಿರು ಹಿಡಿಯಿರಿ. ಅಲ್ಲಾಡಬೇಡಿ.
ಬೆಂಡಿಗೋ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಮುರಿದ ಮೂಳೆಯೂ ನನ್ನ ಮಾತು ಕೇಳುತ್ತದೆ.

ಶನಿವಾರ ಮಾತ್ರ ಯಾರೂ ಕೇಳುವುದಿಲ್ಲ.
ಊರಾಚೆ ರೈಲು ಹಳಿ ದಾಟಿದರೆ ತಗಡಿನ ಶೆಡ್ಡು,
ರೇಸು ಮುಗಿಸಿದ ಹನ್ನೊಂದು ಗ್ರೇಹೌಂಡು,
ಅವುಗಳ ಚಿತ್ರ ತೆಗೆಯಲು ನಾನು, ನನ್ನ ಫೋನು.
ಚಿತ್ರ ನೋಡಿ ಸಾಕುವವರು ಬರುತ್ತಾರೆ.
ಚಿತ್ರ ಅಲುಗಿದರೆ ಇನ್ನೊಂದು ವಾರ ಬೋನು.

ಹತ್ತು ನಾಯಿ ಹೋದವು, ಹತ್ತು ಬಂದವು.
ಉಳಿದವನು ಕ್ಲೈವ್.
ರೇಸಿನ ಕಾಗದದಲ್ಲಿ ಪೇಪರ್ ಕಾಮೆಟ್,
ಕಿವಿಯೊಳಗೆ ಹಸಿರು ಹಚ್ಚೆ,
ಮೈ ಬಾಣಲೆ ತಳದ ಕಪ್ಪು.
ಗೆಲುವಿನ ಗೆರೆಯ ಕ್ಯಾಮರಾ ಅವನನ್ನು ಎಷ್ಟೋ ಸಲ ಹಿಡಿದಿದೆ,
ಅದಕ್ಕೆ ಬೇಕಿದ್ದದ್ದು ಮೂಗು ಮಾತ್ರ.
ಶೆಡ್ಡಿನೊಳಗೆ ನನಗೆ ಮೂಗೂ ಸಿಗದು, ಇದ್ದಿಲು ತೀಡಿದ ಗುರುತು:
ಕತ್ತಲಲ್ಲಿ ಫೋನು ಕಣ್ಣು ತೆರೆದೇ ಇಟ್ಟುಕೊಂಡಿರುತ್ತದೆ,
ಆ ಬಿಡುವಿನಲ್ಲಿ ಇವನು ಮೂರು ಕಡೆ ಇದ್ದು ಬಂದಿರುತ್ತಾನೆ.

ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ
ಅನ್ನುತ್ತಿದ್ದಳು ಹಗರಿಬೊಮ್ಮನಹಳ್ಳಿಯ ನನ್ನ ದೊಡ್ಡಮ್ಮ,
ನಾಯಿಯನ್ನಲ್ಲ, ನನ್ನನ್ನು ನೋಡಿ.

ಕಲಿತೆ.
ಮೊದಲು ಅಂಗಿಯ ಅಂಚಿನಿಂದ ಲೆನ್ಸು ಒರೆಸಬೇಕು,
ಅರ್ಧ ಮಂಜು ನನ್ನ ಬೆರಳಿನದೇ ಎಣ್ಣೆ.
ಹನ್ನೊಂದು ಗಂಟೆಯ ಬಿಸಿಲಿಗೆ ಅವನನ್ನು ಹೊರಗೆ ತರಬೇಕು.
ಜೂಮ್ ಮುಟ್ಟಬಾರದು, ಕಾಲೇ ಹತ್ತಿರ ಹೋಗಬೇಕು.
ಬೆನ್ನು ಹತ್ತಬಾರದು;
ಅವನು ಬರಲಿರುವ ಹುಲ್ಲಿನ ಮೇಲೆ ಮೊದಲೇ ಬೆರಳೊತ್ತಿ
ಕಾಯಬೇಕು, ಕೈಸಾಲ ಕೊಟ್ಟವನು ತಿರುವಿನಲ್ಲಿ ಕಾಯುವ ಹಾಗೆ.
ಮೊಣಕೈ ಪಕ್ಕೆಗೆ ಅಂಟಿರಬೇಕು, ಸೊಂಟ ಮಾತ್ರ ತಿರುಗಬೇಕು,
ಬೀಸುಕಲ್ಲಿನಂತೆ, ಗೂಟ ಕದಲದೆ.
ಗುಂಡಿ ಒತ್ತಿ ಹಿಡಿದರೆ ಒಂದು ಉಸಿರಿಗೆ ಮೂವತ್ತು ಚಿತ್ರ.
ಇಪ್ಪತ್ತೊಂಬತ್ತನ್ನು ಅಳಿಸುವ ಗಟ್ಟಿ ಮನಸ್ಸು ಬೇಕು.

ಜೂನ್ ತಿಂಗಳ ಒಂದು ಚಳಿಯ ಶನಿವಾರ ಸಿಕ್ಕಿಬಿಟ್ಟ.
ನಾಲ್ಕೂ ಕಾಲು ನೆಲ ಬಿಟ್ಟು,
ಬೇಲಿ, ನೀಲಗಿರಿ ಮರ, ನೀರಿನ ಟ್ಯಾಂಕು ಎಲ್ಲ ಗೀಟುಗೀಟು,
ಅವನೊಬ್ಬ ಮಾತ್ರ ಕಡೆದಿಟ್ಟ ಹಾಗೆ.
ಪಕ್ಕೆಲುಬು ಎಣಿಸಬಹುದಿತ್ತು. ಎಣಿಸಿದೆ, ವೃತ್ತಿಯ ಚಟ.

ಗ್ಲೆನಿಸ್ ಕನ್ನಡಕ ಏರಿಸಿ ನೋಡಿದಳು.
"ಚಂದ ಇದೆ. ಆದರೆ ಸೋಫಾ ಇರುವವರಿಗೆ, ಬೆಕ್ಕು ಇರುವವರಿಗೆ
ಇದನ್ನು ತೋರಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.
ನಿಂತಿರುವುದು ಬೇಕಮ್ಮ, ನಿಂತಿರುವುದು."

ನಿಲ್ಲುತ್ತಿದ್ದ. ನಿಜಕ್ಕೂ ನಿಲ್ಲುತ್ತಿದ್ದ,
ನಾನು ಒತ್ತುವವರೆಗೆ.
ಫೋನು ಕ್ಲಿಕ್ ಅನ್ನುತ್ತಲೇ ಮಾಯ.
ಹದಿನಾಲ್ಕು ಸಲ ಹೀಗಾದ ಮೇಲೆ ತಿಳಿಯಿತು,
ಎಕ್ಸ್‌ರೇ ತೆಗೆಯುವವಳಿಗೆ ಒಳಗಿನದು ಕಾಣಲು ಇಷ್ಟು ಹೊತ್ತು:
ಆ ಸದ್ದಿಗೆ ಒಂದು ತಗಡಿನ ಬಾಗಿಲು ಮೇಲೇಳುತ್ತದೆ,
ಕಂಬಿಯ ಮೇಲೆ ಸುಳ್ಳು ಮೊಲ ಹೊರಡುತ್ತದೆ.
ಮೂರು ವರ್ಷ ಅವನಿಗೆ ಕೆಲಸವಿತ್ತು.
ಮುಗಿಯಿತೆಂದು ಯಾರೂ ಹೇಳಿರಲಿಲ್ಲ.
ನಾನಂತೂ ಪ್ರತಿ ಶನಿವಾರ ಡ್ಯೂಟಿಗೆ ಕರೆಯುತ್ತಿದ್ದೆ.

ಫೋನಿನ ಸದ್ದು ಆರಿಸಿದೆ.
ಹುಲ್ಲಿನ ಮೇಲೆ ಕೂತೆ. ಈ ಸಲ ಉಸಿರು ಹಿಡಿದವಳು ನಾನು.
ಕ್ಲೈವ್ ತಿರುಗಿ ನೋಡಿದ,
ಏನೋ ಕೇಳಿಸಬೇಕಿತ್ತಲ್ಲ ಎಂಬಂತೆ ಒಂದು ಕಿವಿ ಎತ್ತಿ,
ಕೇಳಿಸದೆ, ಅಲ್ಲೇ ನಿಂತ.

ಮೂಗಿನ ತೇವ, ಮೀಸೆಯ ಒಂದೊಂದು ಎಳೆ,
ಹಚ್ಚೆಯ ಅಕ್ಷರ ಕೂಡ ಓದಬಹುದು.
ಹಿಂದುಗಡೆ ಮಾತ್ರ ಒಂದು ಬೂದು ಕಲೆ.
"ಅದೇನು, ನಿನ್ನ ಬೆರಳು ಅಡ್ಡ ಬಂತಾ?" ಅಂದಳು ಗ್ಲೆನಿಸ್.
ಅಲ್ಲ, ಬಾಲ.
"ಇನ್ನೊಂದು ತೆಗಿ" ಅಂದಳು.
ತೆಗೆದೆ. ಅದರಲ್ಲೂ ಇತ್ತು.